ಕಣದಲ್ಲಿ ಒಣಗಿಸಿದ ಹಾಡು

ಗ್ರಾಮಫೋನ್ ಇರುವ ಮನೆಯಲ್ಲಿ ಹಾಡಿಗಿಂತ ಫಜೀತಿಯೇ ಜಾಸ್ತಿ. ಒಂದು ಮುಗಿಯಿತೆಂದು ಉಸಿರು ಬಿಡುವಷ್ಟರಲ್ಲಿ ಯಾರೋ ಇನ್ನೊಂದಕ್ಕೆ ಕೀ ಕೊಟ್ಟಿರುತ್ತಾರೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಬಿ.ಎ. ಮುಗಿಸಿ ಮಾದಾಪುರದ ಹತ್ತಿರ ಒಂದು ಕಾಫಿ ತೋಟದ ಮನೆಗೆ ಸೊಸೆಯಾಗಿ ಬಂದಿದ್ದೆ.

೧. ಗಂಡನ ಪಾರ್ಟು

ಮಾವನವರ ಹತ್ತಿರ ಗ್ರಾಮಫೋನ್ ಪ್ಲೇಟುಗಳು ಹಲವು ಇದ್ದರೂ ಪ್ರಾಣವಿದ್ದದ್ದು ಒಂದರಲ್ಲೇ. ನಾಟಕ ಕಂಪನಿಯ ನಟಿಯೊಬ್ಬಳು ಹಾಡಿದ್ದು. ಸಂತೆಯಿಂದ ಬರಿಗೈಯಲ್ಲಿ ಬಂದ ಗಂಡನನ್ನು ಹೆಂಡತಿ ಬೈಯುವ ಹಾಡು. ಅದನ್ನು ಮೈಸೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರಂತೆ. ತೊಡೆ ಖಾಲಿಯಿಲ್ಲವೆಂದು, ಆಗ ಕೂಸಾಗಿದ್ದ ನನ್ನ ಕಿರಿ ನಾದಿನಿಯನ್ನು ಪಕ್ಕದ ಸೀಟಿನವರಿಗೆ ಕೊಟ್ಟಿದ್ದರಂತೆ.

ಒಂದು ಸಂಜೆ ಜಗಲಿಯಲ್ಲಿ ಆ ಹಾಡು ನಡೆದಿತ್ತು. ತೋಟದ ಆಳುಗಳ ಲೈನಿನ ಮುದುಕಿಯೊಬ್ಬಳು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. ಅರ್ಧದಲ್ಲಿ ಕೀ ಇಳಿದು ನಟಿಯ ದನಿ ನಿಧಾನಕ್ಕೆ ದಪ್ಪಗಾಗಿ ಗಂಡಸಿನದಾಯಿತು. ಮಾವನವರು ಗಾಬರಿಯಿಂದ ಹಿಡಿಕೆಗೆ ಕೈ ಹಾಕಿದರು.

“ತಡೀರಿ ಸಾಮಿ,” ಎಂದಳು ಮುದುಕಿ. “ಇಷ್ಟು ಹೊತ್ತು ಬೈಸಿಕೊಂಡಿದ್ದಾನೆ. ಗಂಡನೂ ಒಂದು ಮಾತಾಡಲಿ.”

೨. ಕಂಠ ಬಿಟ್ಟುಕೊಂಡದ್ದು

ನಮ್ಮಲ್ಲಿ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತುವಿಲ್ಲ. ಬಿಸಿಲು ಕಂಡ ಮೊದಲ ದಿನವೇ ದಿಂಬು, ಪೆಟ್ಟಿಗೆ, ಬೂಟು, ಬೆಲ್ಟು, ಎಲ್ಲ ಕಾಫಿ ಒಣಗಿಸುವ ಕಣಕ್ಕೆ. ಆ ವರ್ಷ ಅತ್ತೆ, ಪಾಪ, ಒಳ್ಳೇ ಮನಸ್ಸಿನಿಂದ ಆ ಪ್ಲೇಟನ್ನೂ ಒರೆಸಿ ಸಿಮೆಂಟಿನ ಮೇಲೆ ಬಿಸಿಲಿಗಿಟ್ಟರು. ಮಧ್ಯಾಹ್ನ ಹೋಗಿ ನೋಡಿದರೆ ಅಂಚೆಲ್ಲ ಸುಟ್ಟ ಹಪ್ಪಳದ ಹಾಗೆ ಎದ್ದು ನಿಂತಿತ್ತು.

ರುಬ್ಬುವ ಗುಂಡಿನಡಿ ಒತ್ತಿಟ್ಟೆವು. ಸ್ವಲ್ಪ ತಗ್ಗಿತು. ಹಾಕಿ ನೋಡಿದರೆ ಹಾಡು ಮಡಿಕೇರಿ ರಸ್ತೆಯ ಬಸ್ಸಿನ ಹಾಗೆ ಹತ್ತಿ ಇಳಿದು ಹೋಗುತ್ತಿತ್ತು.

“ನಿನ್ನ ಮಾವ ತೋಟಕ್ಕೆ ಬೆಂಕಿ ಬಿದ್ದರೂ ಸುಮ್ಮನಿರ್ತಾರೆ. ಇದಕ್ಕೆ ಮಾತ್ರ ನನ್ನನ್ನ ತವರಿಗೆ ಕಳಿಸ್ತಾರೆ,” ಎಂದರು ಅತ್ತೆ.

ಸಂಜೆ ಮಾವನವರು ಹಾಡು ಹಾಕಿ ಕಣ್ಣು ಮುಚ್ಚಿ ಕೂತರು. ತಲೆಯೂ ಹಾಡಿನ ಜೊತೆ ಏರಿ ಇಳಿಯಿತು. ಬಾಗಿಲ ಹಿಂದೆ ಅತ್ತೆ ನನ್ನ ಕೈ ಹಿಡಿದಿದ್ದರು. ಹಾಡು ಮುಗಿಯಿತು.

“ಮಳೆ ಹೋದ ಮೇಲೆ,” ಎಂದರು ಮಾವ, “ಇವಳ ಕಂಠ ಬಿಟ್ಟುಕೊಂಡಿದೆ.”

೩. ಊಟಕ್ಕೆ ಬಂದವಳು

ಆ ಚಳಿಗಾಲ ಮಾದಾಪುರದಲ್ಲಿ ನಾಟಕ ಕಂಪನಿ ಟೆಂಟು ಹಾಕಿತು. ಪ್ಲೇಟಿನ ನಟಿಯೇ ಅದರಲ್ಲಿದ್ದಳು. ಮಾವನವರು ಹೋಗಿ ಊಟಕ್ಕೆ ಕರೆದೇ ಬಂದರು. “ಅವಳ ಹಾಡನ್ನ ಅವಳಿಗೇ ಕೇಳಿಸಬೇಕು.”

ಅತ್ತೆಯ ಮುಖ ಇಳಿಯಿತು. ಹಾಡಿದವಳಿಗೆ ತನ್ನ ಹಾಡು ತಿಳಿಯದೆ ಇರುತ್ತದೆಯೇ? “ನೀನು ಓದಿದವಳಲ್ಲವಾ, ಎಂಥದಾದರೂ ಮಾಡು ಮಾರಾಯ್ತಿ,” ಎಂದರು. ಬಿ.ಎ.ಯಲ್ಲಿ ಇದಕ್ಕೆ ಪಾಠ ಇರಲಿಲ್ಲ. ಗ್ರಾಮಫೋನಿನ ಸೂಜಿಯ ಡಬ್ಬಿಯನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ.

ಕಡುಬು, ಕೋಳಿಸಾರು ಮುಗಿಸಿ ನಟಿ ಜಗಲಿಗೆ ಬಂದಳು. ಮಾವನವರು ಜೇಬಿನಿಂದ ಹೊಸ ಸೂಜಿ ತೆಗೆದರು.

ಹಾಡು ಶುರುವಾಯಿತು. ಸೂಜಿ ದೋಣಿಯ ಹಾಗೆ ತೇಲಿತು. ನಟಿ ಒಮ್ಮೆ ಪ್ಲೇಟು ನೋಡಿದಳು. ಒಮ್ಮೆ ಸೆರಗು ಹಿಂಡುತ್ತಿದ್ದ ಅತ್ತೆಯನ್ನು ನೋಡಿದಳು.

“ಹೇಗುಂಟು?” ಎಂದರು ಮಾವ.

“ಬೇರೆ ಮನೆಗಳಲ್ಲಿ ಒಂದೇ ಸಮ ಕೇಳುತ್ತೆ ಸ್ವಾಮಿ,” ಎಂದಳು ಆ ಪುಣ್ಯಾತ್ಗಿತ್ತಿ. “ಇಷ್ಟು ಬಳುಕು ನಿಮ್ಮಲ್ಲಿ ಮಾತ್ರ.”

ಅತ್ತೆ ಒಳಗೆ ಓಡಿ ಅವಳಿಗೆ ಒಂದು ಶೀಸೆ ಜೇನು ತಂದು ಕೊಟ್ಟರು.

ಗಂಡಾಂತರ ಕಳೆಯಿತೆಂದು ಸಂಜೆ ನಿಶ್ಚಿಂತೆಯಿಂದ ನಾಟಕಕ್ಕೆ ಹೋದೆವು. ನಟಿ ಅದೇ ಹಾಡನ್ನು ನೆಟ್ಟಗೆ, ಚೆನ್ನಾಗಿಯೇ ಎತ್ತಿಕೊಂಡಳು. ಮುಂದಿನ ಕುರ್ಚಿಯಿಂದ ಮಾವನವರು ಎದ್ದು ನಿಂತರು.

“ಹಾಗಲ್ಲಮ್ಮ. ಮಧ್ಯಾಹ್ನ ನಮ್ಮಲ್ಲಿ ಕೇಳಿದ್ಯಲ್ಲ, ಹಾಗೆ.”

ಅತ್ತೆ ಕಣ್ಣು ಮುಚ್ಚಿದರು. ನಟಿ ಸೆರಗು ಸಿಕ್ಕಿಸಿದಳು, ಮೊದಲಿನಿಂದ ಶುರುಮಾಡಿದಳು. ದನಿಯಲ್ಲೇ ಘಾಟಿ ಹತ್ತಿದಳು, ಇಳಿದಳು. ಹಾರ್ಮೋನಿಯಂನವನು ಎರಡು ತಿರುವು ಹಿಂದೆ ಬಿದ್ದು, ಕೊನೆಗೆ ಪೆಟ್ಟಿಗೆ ಮುಚ್ಚಿ ಕೈ ಕಟ್ಟಿ ಕೂತ. ಜನ ಬಿದ್ದು ಬಿದ್ದು ನಕ್ಕು ಮತ್ತೆ ಹಾಡಿಸಿದರು.

ಮನೆಗೆ ನಡೆಯುವಾಗ ಮಾವನವರು ಅತ್ತೆಯ ಕಡೆ ತಿರುಗಿದರು.

“ನೋಡಿದ್ಯಾ? ನಮ್ಮ ಪ್ಲೇಟು ಕೇಳಿದ್ದಕ್ಕೆ ಅವಳಿಗೆ ಹಾಡು ಬಂತು.”

“ಹ್ಞೂಂ,” ಎಂದರು ಅತ್ತೆ. “ಹೇಳಿಕೊಟ್ಟರೆ ಕಲಿಯುವ ಹೆಂಗಸು.”