ಎಗ್ ಬೇಕ್ ತಂದ ಫಜೀತಿ

ಕುಳಗಿಯ ಕಾಡಿನಲ್ಲಿ ಹುಲಿಗೆ ಹೆದರುವವರಿದ್ದರು, ಕರಡಿಗೆ ಹೆದರುವವರಿದ್ದರು. ಅಲ್ಲಿನ ಅರಣ್ಯ ಇಲಾಖೆಯ ಕ್ಯಾಂಪಿನ ಗುಮಾಸ್ತ ನಾಗಲಿಂಗಪ್ಪ ಮಾತ್ರ ಅಂದು ಬೆಳಗ್ಗೆ ಹಿತ್ತಲಿನಲ್ಲಿ ಒಂದು ಬುಟ್ಟಿ ಕೋಳಿ ತತ್ತಿಗೆ ಹೆದರಿ ಕುಕ್ಕುರುಗಾಲಿನಲ್ಲಿ ಕೂತಿದ್ದ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ; ತತ್ತಿಯನ್ನು ತಿನ್ನುವುದಿರಲಿ, ಈವರೆಗೆ ಮುಟ್ಟಿದವನೂ ಅಲ್ಲ.

ಆದರೆ ಅವನಿಗೆ ಹಳಿಯಾಳಕ್ಕೆ ವರ್ಗ ಬೇಕಾಗಿತ್ತು. ಅವನ ಅರ್ಜಿ ದೊಡ್ಡ ಸಾಹೇಬರ ಕೈಯಲ್ಲಿತ್ತು. ತಪಾಸಣೆಗೆ ಬಂದು ಬಂಗಲೆಯಲ್ಲಿ ಇಳಿದಿದ್ದ ಸಾಹೇಬರು ಹಿಂದಿನ ದಿನ, "ಬೆಳಗ್ಗೆ ನಾಷ್ಟಾಕ್ಕೆ ಎಗ್ ಬೇಕ್" ಅಂದಿದ್ದರು.

"ಬೇಕು ಅನ್ನೋದು ತಿಳೀತ್ರಿ ಸಾಹೇಬ್ರ. ಏನ್ ಮಾಡಿಸ್ಲಿ?"

"ಅದೇ ಕಣ್ರೀ, ಬೇಕ್!"

ಬೇಕ್ ಎಂದರೇನೆಂದು ತಿಳಿಸಿದವನು ಬಂಗಲೆಯ ಅಡುಗೆಯವ ಜೈರಾಮ. ಅದೂ ಚಳಿಜ್ವರದಲ್ಲಿ, ಕಂಬಳಿಯೊಳಗಿನಿಂದ, ಹಲ್ಲು ಕಟಕಟಿಸುತ್ತ. ತತ್ತಿ ಒಡೆದು ಕಲಸಿ, ಹಸಿಮೆಣಸಿನಕಾಯಿ ಹಾಕಿ, ಮೇಲೆ ಚೀಸು ಹರಡಿ, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸಬೇಕು. (ಚೀಸಿನ ಡಬ್ಬಿಯನ್ನು ಕೈಗಿತ್ತು ಆ ಪುಣ್ಯಾತ್ಮ ಮತ್ತೆ ಕಂಬಳಿಯೊಳಗೆ ಅಂತರ್ಧಾನನಾದ.)

ಹೆಂಡತಿ ಮಹಾದೇವಕ್ಕ ಹಿತ್ತಲ ಹೊಸ್ತಿಲಲ್ಲಿ ಕಾವಲು ನಿಂತಿದ್ದಳು. ಈ ಕಾಡಿನಲ್ಲಿ ಮಾತಾಡಲು ಮಂಗಗಳನ್ನು ಬಿಟ್ಟರೆ ಯಾರೂ ಇಲ್ಲವೆಂದು ದಿನಾ ಅಳುತ್ತಿದ್ದ ಆಕೆ, ವರ್ಗದ ಆಸೆಗೆ ತತ್ತಿಗೆ ಹಿತ್ತಲಿನವರೆಗೆ ಪರವಾನಗಿ ಕೊಟ್ಟಿದ್ದಳು.

"ಒಳಗ ಮಾತ್ರ ತರಬ್ಯಾಡ್ರಿ!"

ಮೊದಲನೆಯ ತತ್ತಿ ಅಂಗೈಯಲ್ಲೇ ಒಡೆದು ಮೊಣಕೈಗೆ ಇಳಿಯಿತು. ಎರಡನೆಯದು ಚಿಪ್ಪಿನ ಸಮೇತ ಪಾತೇಲಿಯೊಳಗೆ ಬಿತ್ತು. ಹೇಗೋ ಉಳಿದವನ್ನು ಒಡೆದು, ಚೀಸಿನ ಡಬ್ಬಿ ತೆರೆದಾಗ ಬಂದ ವಾಸನೆಗೆ ಗಂಡಹೆಂಡತಿ ಇಬ್ಬರೂ ಮೂಗು ಮುಚ್ಚಿಕೊಂಡರು.

"ಹಳಸೇತ್ರಿ! ಸಾಹೇಬ್ರಿಗೆ ಏನಾರ ಆದ್ರ ನಿಮಗ ಸೀದಾ ಜೇಲಿಗೇ ವರ್ಗ!"

"ಅದರ ವಾಸನೀನ ಹಂಗಂತ. ಜೈರಾಮ ಹೇಳ್ಯಾನ."

"ಮತ್ತ ಉಪ್ಪು, ಖಾರ ಸರಿ ಐತೇನು?"

ನಾಗಲಿಂಗಪ್ಪ ಪಾತೇಲಿಯೊಳಗೆ ಇಣುಕಿದ. ರುಚಿ ನೋಡುವವರು ಯಾರು? ತಾನು ಬಾಯಿಗೆ ಹಚ್ಚುವ ಹಾಗಿಲ್ಲ. ಜೈರಾಮನ ನಾಲಗೆಗೆ ಜ್ವರದಲ್ಲಿ ಬೆಲ್ಲವೂ ಕಹಿ. ಬೆವರು ಒರೆಸಿಕೊಂಡು ಒಂದು ಮೆಣಸಿನಕಾಯಿ ಹೆಚ್ಚಿ ಹಾಕಿದ, ಕಡಿಮೆಯಾಯಿತೆನಿಸಿ ಮತ್ತೊಂದು, ಹೆಚ್ಚಾಯಿತೆನಿಸಿ ಹೆಕ್ಕಿ ತೆಗೆಯತೊಡಗಿದ.

ಮಹಾದೇವಕ್ಕನಿಗೆ ಇನ್ನು ನೋಡಲಾಗಲಿಲ್ಲ. ಧರ್ಮಸಂಕಟಕ್ಕಿಂತ ಅಡುಗೆಸಂಕಟ ದೊಡ್ಡದಾಯಿತು. ಒಳಗಿನಿಂದ ಮಸಾಲೆ ಖಾರ ತಂದು, ಹೊಸ್ತಿಲು ದಾಟದೆಯೇ, ಗುರಿಯಿಟ್ಟು ಒಂದು ಮುಷ್ಟಿ ತೂರಿದಳು.

"ಕಲಸ್ರಿ! ಕೊತಂಬರಿ ಹಾಕ್ರಿ! ಕೆಂಡ ಊದಬ್ಯಾಡ್ರಿ, ಒಳಗ ಬೂದಿ ಬೀಳತೈತಿ!"

ನಾಗಲಿಂಗಪ್ಪ ಪಾತೇಲಿಯನ್ನು ಬಂಗಲೆಗೆ ಹೊತ್ತೊಯ್ದು ಸಾಹೇಬರಿಗೆ ಬಡಿಸಿದ. ಸಾಹೇಬರು ಒಂದು ಚಮಚ ಬಾಯಿಗಿಟ್ಟರು. ಮುಖ ಕೆಂಪೇರಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ನಾಗಲಿಂಗಪ್ಪ ಅಂಗಿಯ ಮೇಲಿನಿಂದಲೇ ಕೊರಳ ಲಿಂಗ ಹಿಡಿದುಕೊಂಡ.

ಸಾಹೇಬರು ತಟ್ಟೆ ಮುಂದೆ ಚಾಚಿದರು. "ಇನ್ನಷ್ಟು ಹಾಕ್ರೀ! ಯಾರು ಮಾಡಿದ್ದು?"

"ನಾನ ರೀ." (ಹೆಂಡತಿಯ ಹೆಸರನ್ನು ತತ್ತಿಯ ಜೊತೆ ಸೇರಿಸುವ ಧೈರ್ಯ ಅವನಿಗಿರಲಿಲ್ಲ.)

"ಭೇಷ್! ನಿಮಗ್ಯಾತಕ್ಕೆ ವರ್ಗ? ನಿಮ್ಮನ್ನ ಹಳಿಯಾಳಕ್ಕೆ ಕಳಿಸಿ ನಾನಿಲ್ಲಿ ಉಪವಾಸ ಬೀಳಲಾ? ಇನ್ಮೇಲೆ ಪ್ರತಿ ತಿಂಗಳೂ ನನ್ನ ಕ್ಯಾಂಪು ಇಲ್ಲೇ!"

ಮನೆಗೆ ಬಂದರೆ ಮಹಾದೇವಕ್ಕ ಆಗಲೇ ಬಟ್ಟೆಬರೆ ಗಂಟು ಕಟ್ಟಿದ್ದಳು.

"ಸಾಹೇಬ್ರಿಗೆ ಸೇರ್ತೇನ್ರಿ?"

"ತಾಟು ನೆಕ್ಕೋದೊಂದು ಬಾಕಿ."

"ನನ್ನ ಖಾರ ಅಲ್ಲೇನು! ಹಂಗಾರ ಯಾವಾಗ ಹೋಗೂಣು?"

ನಾಗಲಿಂಗಪ್ಪ ಗಂಟಿನ ಮೇಲೆಯೇ ಕುಸಿದು ಕೂತು ನಡೆದದ್ದನ್ನೆಲ್ಲ, ಮಾಡಿದ್ದು ತಾನೇ ಎಂದದ್ದನ್ನೂ ಬಿಡದೆ, ಹೇಳಿದ. ಹೇಳಿ ಸುಮ್ಮನಿರಬಾರದೆ? "ನೀ ಆ ಖಾರ ತೂರದ ಇದ್ದಿದ್ರ ಇಷ್ಟೊತ್ತಿಗೆ ವರ್ಗ ಆಗಿಹೋಗ್ತಿತ್ತು" ಎಂದೂ ಅಂದುಬಿಟ್ಟ.

ಮಹಾದೇವಕ್ಕ ಒಳಗೆ ಹೋಗಿ, ಜೋಳದ ಹಿಟ್ಟು ತುಂಬಿದ ಅಗಲ ಪರಾತವನ್ನು ತಂದು ಗಂಡನ ಮುಂದೆ ಕುಕ್ಕಿದಳು.

"ಹೌದ್ರಿ, ತಪ್ಪು ನಂದ. ಸಾಹೇಬ್ರು ಭೇಷ್ ಅಂದ ಕೈ ನಿಮ್ದ. ಇವತ್ತಿನಿಂದ ರೊಟ್ಟಿನೂ ನೀವ ಬಡೀರಿ."