ಗೆಳೆಯನ ಕಾರಿಗೆ ಮೌನವ್ರತ

ಈ ಕಾರಿನ ಬಾಯಿ ಮುಚ್ಚಿಸದಿದ್ದರೆ ನನ್ನನ್ನು ಗಂಡಸೆಂದು ಕರೆಯಬೇಡಿ! ಹೀಗೆಂದು ಘೋರ ಪ್ರತಿಜ್ಞೆ ಮಾಡಿ ನಾನು ಸ್ಕ್ರೂಡ್ರೈವರ್ ಎತ್ತಿಕೊಂಡ ಕೂಡಲೇ ನನ್ನ ಹೆಂಡತಿ ಹಳೇ ಬಟ್ಟೆಗಳನ್ನು ಹುಡುಕತೊಡಗಿದಳು.

"ಅದ್ಯಾಕೆ?" ಎಂದೆ.

"ನೀವು ರಿಪೇರಿ ಅಂದ್ಮೇಲೆ ಒರೆಸೋಕೆ ಬೇಕಾಗುತ್ತಲ್ಲ!"

ಕಾರು ನನ್ನದಲ್ಲ, ಗೆಳೆಯನದು. ನಮ್ಮಿಬ್ಬರಷ್ಟೇ ವಯಸ್ಸಾದದ್ದು. ಅವನು ತೀರಿಕೊಂಡ ಮೇಲೆ ಅವನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಕೀಲಿಯನ್ನು ನನ್ನ ಕೈಗಿಟ್ಟು, "ಓಡಿಸ್ತಾ ಇರಿ, ನಿಂತ್ರೆ ಕೆಡುತ್ತೆ" ಅಂದಿದ್ದರು. ತಾವು ಮಾತ್ರ ಒಮ್ಮೆಯೂ ಹತ್ತಲಿಲ್ಲ. ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದರು. ಕರೆದಾಗಲೆಲ್ಲ ಒಂದೇ ಉತ್ತರ: "ಬೇಡಪ್ಪ, ಅದರ ಗಲಾಟೆ ತಡೆಯೋಕಾಗಲ್ಲ."

ಗಲಾಟೆಯೇನೋ ನಿಜ. ಛಾವಣಿ ತೆಳು ತಗಡು. ನಿಂತರೆ ಬಿಸಿಲಿಗೆ ಕಾವಲಿ, ಓಡಿದರೆ ನಗಾರಿ! ಗೆಳೆಯ ಅದರಡಿ ಕೂತು ನಗಾರಿಯನ್ನೂ ಮೀರಿಸಿ ಹರಟುತ್ತಿದ್ದ. ಈಗ ನಗಾರಿಯೊಂದೇ ಉಳಿದಿತ್ತು. ಅದೂ ಸುಮ್ಮನಾದರೆ ಅತ್ತಿಗೆ ಹತ್ತಿಯಾರು ಎಂಬುದು ನನ್ನ ಆಸೆ.

ಛಾವಣಿಯ ಒಳಬಟ್ಟೆ ಬಿಚ್ಚಿದೆ. ಅಷ್ಟೂ ವರ್ಷಗಳ ಧೂಳು ನನ್ನ ಮುಖಕ್ಕೆ ಅಭಿಷೇಕವಾಯಿತು. ತಗಡಿಗೆ ತುಕ್ಕು ಹಿಡಿಯಬಾರದಲ್ಲ? ಅಡುಗೆಮನೆಯ ಎಣ್ಣೆ ತಂದು, ಎಳೆಮಗುವಿನ ಮೈ ತಿಕ್ಕುವಂತೆ ಧಾರಾಳವಾಗಿ ತಿಕ್ಕಿದೆ. ಅದರ ಮೇಲೆ ಸದ್ದು ನುಂಗುವ ಡಾಂಬರಿನ ಹಾಳೆ, ಅದಕ್ಕೆ ಬಿಸಿ ತಡೆಯುವ ಫೋಮು, ಕೊನೆಗೆ ಒಳಬಟ್ಟೆ.

"ರೀ, ಎಣ್ಣೆ ಸವರಿದ ಕಾವಲಿಗೆ ಏನಾದ್ರೂ ಅಂಟುತ್ತಾ?"

"ಇದು ಅಡುಗೆಯಲ್ಲ ಕಣೇ, ವಿಜ್ಞಾನ!"

ಸಂಜೆ ತಂಪಿನಲ್ಲಿ ಓಡಿಸಿ ನೋಡಿದೆ. ಪರಮಾದ್ಭುತ! ಹಿಂದಿನ ಸೀಟಿನಲ್ಲಿ ಹೆಂಡತಿ ನಿಟ್ಟುಸಿರು ಬಿಟ್ಟದ್ದೂ ಕೇಳಿಸಿತು. ಅತ್ತಿಗೆಗೆ ಫೋನು ಮಾಡಿ, "ಕಾರು ಮೌನವ್ರತ ಹಿಡಿದಿದೆ, ಬರಲೇಬೇಕು" ಎಂದು ದುಂಬಾಲು ಬಿದ್ದೆ.

ಮರುದಿನ ಅವರು ಬಂದರು. ಮುಂದಿನ ಸೀಟಿನಲ್ಲಿ, ತಮ್ಮ ಎಂದಿನ ಜಾಗದಲ್ಲಿ ಕೂತರು; ನನ್ನ ಹೆಂಡತಿ ಹಿಂದೆ. ಕಾರು ಬೆಕ್ಕಿನಂತೆ ಸಾಗಿತು. ಸ್ವಲ್ಪ ದೂರ ಹೋದ ಮೇಲೆ ಅತ್ತಿಗೆ ಮೆಲ್ಲಗೆ, "ಇದು ಅವರ ಕಾರು ಅನ್ನಿಸ್ತಾನೇ ಇಲ್ಲ" ಎಂದು ಕಿಟಕಿಯತ್ತ ಮುಖ ತಿರುಗಿಸಿದರು.

ಆ ಮೌನದಲ್ಲಿ ಅವನಿಲ್ಲದಿರುವುದು ನನಗೂ ಕೇಳಿಸಿತು.

ನೆತ್ತಿಯ ಮೇಲೆ ಉರಿಬಿಸಿಲು. ಸಿಗ್ನಲ್ಲಿನಲ್ಲಿ ನಿಂತೆವು. ಟಪ್!

"ರೀ, ಮೇಲಿಂದ ಏನೋ ಇಳೀತಿದೆ!"

"ಹೊಂದಿಕೊಳ್ತಿದೆ, ಸುಮ್ನಿರು!"

ಹೊಂದಿಕೊಂಡಿದ್ದು ನನ್ನ ತಲೆಯ ಮೇಲೆ! ಮೊದಲು ಒಳಬಟ್ಟೆ ಸೊಳ್ಳೆಪರದೆಯಂತೆ ಮೂವರನ್ನೂ ಆವರಿಸಿತು. ಅದರೊಳಗಿಂದ ನಾನು ತಲೆ ಹೊರಹಾಕುವುದೇ ತಡ, ಫೋಮು ಕಳಚಿ ಜಾರಿತು, ಅದರ ಹಿಂದೆಯೇ ಬಿಸಿಬಿಸಿ ಡಾಂಬರಿನ ಹಾಳೆ ಬಂದು ನೆತ್ತಿಯನ್ನು ಅಪ್ಪಿಕೊಂಡಿತು. ಹಸಿರು ದೀಪ ಬಂತು. ಹಿಂದಿನಿಂದ ಹಾರ್ನುಗಳ ಕಚೇರಿ. ಪೊಲೀಸರೊಬ್ಬರು ಕಿಟಕಿಯಲ್ಲಿ ಬಗ್ಗಿದರು.

"ಯಾರ್ರೀ ಓಡಿಸ್ತಿರೋದು?"

"ನಾನೇ ಸಾರ್!"

"ನಾನು ಅಂದ್ರೆ ಇದರಲ್ಲಿ ಯಾರು?"

ಅವರೇ ಬಟ್ಟೆ, ಫೋಮು, ಹಾಳೆ ಎಳೆದು ಡಿಕ್ಕಿಗೆ ತುಂಬಿಸಿದರು. ನೆತ್ತಿಗಂಟಿದ ತುಂಡು ಮಾತ್ರ ಕಿತ್ತು ಬರಲಿಲ್ಲ. ಅದನ್ನೇ ಕಿರೀಟವಾಗಿ ಧರಿಸಿ ಹೊರಟೆ. ಬರಿದಾದ ತಗಡು ಮತ್ತೆ ನಗಾರಿ ಬಾರಿಸತೊಡಗಿತು.

"ಎಡಕ್ಕೆ ತಿರುಗಿಸಿ!" ಅತ್ತಿಗೆ ಕೂಗಿದರು.

"ಏನಂದ್ರಿ?"

"ಎಡಕ್ಕೇ!"

"ಆಂ?"

ಎಡತಿರುವು ಹಿಂದೆ ಉಳಿಯಿತು. ಅತ್ತಿಗೆ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. "ಅವರೂ ಹೀಗೇ! ನಾನು ಹೇಳಿದ್ದೊಂದೂ ಕೇಳಿಸ್ತಿರ್ಲಿಲ್ಲ. ಎಷ್ಟು ಬಡ್ಕೊಂಡ್ರೂ ರಿಪೇರಿ ಮಾಡಿಸ್ಲಿಲ್ಲ ಪುಣ್ಯಾತ್ಮ!" ಎಂದು ಕಣ್ಣೊರೆಸಿಕೊಂಡು, ಅವನಿಗೆ ಹೇಳುತ್ತಿದ್ದ ಧಾಟಿಯಲ್ಲೇ ನನ್ನನ್ನು ಗದರಿದರು: "ಮುಂದೆ ನೋಡಿ ಓಡಿಸಿ! ನಾಳೆನೂ ಬರ್ತೀನಿ. ಆ ಹಾಳಾದ್ದನ್ನ ಮಾತ್ರ ಮತ್ತೆ ಅಂಟಿಸ್ಬೇಡಿ."

ಮನೆಯಲ್ಲಿ ಸೋಪು ಸೋತಿತು, ಸೀಮೆಎಣ್ಣೆ ಕೈಚೆಲ್ಲಿತು. ಕೊನೆಗೆ ಕತ್ತರಿಯೇ ಗತಿಯಾಯಿತು. ಅತ್ತಿಗೆ ಕನ್ನಡಿ ಹಿಡಿದರು, ಹೆಂಡತಿ ಕತ್ತರಿಸಿದಳು. ಕಾರಿನ ಛಾವಣಿಯಷ್ಟೇ ಬೋಳಾದ ನನ್ನ ತಲೆಯನ್ನು ಕನ್ನಡಿಯಲ್ಲಿ ದಿಟ್ಟಿಸುತ್ತ ಕೂತಿದ್ದೆ. ಹೆಂಡತಿ ಒಳಗೆ ಹೋಗಿ ಅಡುಗೆಮನೆಯ ಎಣ್ಣೆ ಬಾಟಲಿ ತಂದು ಎದುರಿಗಿಟ್ಟಳು.

"ಧಾರಾಳವಾಗಿ ತಿಕ್ಕೊಳ್ಳಿ. ತುಕ್ಕು ಹಿಡಿಯಬಾರದಲ್ಲ!"