ಅತ್ತೆಯವರ ದಬರಿಗೆ ಸಮುದ್ರ ತೋರಿಸಿದ್ದು

"ಈ ಪ್ರವಾಸದಲ್ಲಿ ಒಬ್ಬನೇ ಒಬ್ಬ ಹೋಟೆಲಿನವನೂ ನನ್ನ ಜೇಬಿನ ಒಳಗೆ ಇಣುಕಬಾರದು!" ಎಂದು ನಾನು ಅಡುಗೆಮನೆಯ ನಟ್ಟನಡುವೆ ನಿಂತು ಘೋಷಿಸಿದೆ. ಕೈಯಲ್ಲಿ ಸೌಟಿತ್ತು. ಅದನ್ನು ಎತ್ತಿ ಹಿಡಿದಿದ್ದೆ ಕೂಡ.

ನನ್ನ ಹೆಂಡತಿ ಒತಿಲಿಯಾ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಅಂದ್ರೆ ಐದಾರು ದಿನ ತಮಗೆ ಉಪವಾಸವೋ?"

"ಉಪವಾಸ ಯಾಕೆ? ದಬರಿ ತಗೊಂಡು ಹೋಗೋಣ! ಮೊದಲು ಸಾಂತಾ ಮಾರ್ತಾ, ಸಮುದ್ರ. ಆಮೇಲೆ ಮಿಂಕಾ, ಬೆಟ್ಟ. ಎಲ್ಲಿ ಹಸಿವಾಯ್ತೋ ಅಲ್ಲಿ ಮೂರು ಕಲ್ಲು, ಒಂದಿಷ್ಟು ಸೌದೆ, ಒಂದು ಕೋಳಿ. ಸಾಂಕೋಚೊ ರೆಡಿ!"

ಕೋಳಿ, ಗೆಡ್ಡೆಗೆಣಸು ಎಲ್ಲ ಹಾಕಿ ನದಿ ದಂಡೆಯಲ್ಲಿ ಸಾಂಕೋಚೊ ಕುದಿಸಿ ಉಂಡು ಬರುವುದು ನಮ್ಮಲ್ಲಿ ಹೊಸದೇನಲ್ಲ. ರಜೆ ಬಂದರೆ ಅರ್ಧ ಕೊಲಂಬಿಯಾ ದಬರಿ ಹೊತ್ತು ಹೊಳೆಗೆ ಹೊರಡುತ್ತದೆ. ಆದರೆ ಅವರೆಲ್ಲ ಹೋಗುವುದು ಊರಾಚೆಯ ಹೊಳೆಗೆ. ದಬರಿಯನ್ನು ಹಗಲಿರುಳು ಬಸ್ಸಿನಲ್ಲಿ ಸಾಗಿಸಿ ದೇಶದ ಆ ತುದಿ ಮುಟ್ಟಿಸುವ ಯೋಚನೆ ಹೊಳೆದದ್ದು ನನಗೊಬ್ಬನಿಗೇ! ನನ್ನ ಹೆಸರು ಅನಿಬಾಲ್. ಆ ಹೆಸರಿನ ಸೇನಾಪತಿಯೊಬ್ಬ ಹಿಂದೆ ಆನೆಗಳನ್ನೇ ಬೆಟ್ಟ ದಾಟಿಸಿದನಂತೆ. ತುನ್ಹಾ ಊರಿನ ನೋಟರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೊಹರು ಒತ್ತುತ್ತಿರುವ ನನ್ನ ರಟ್ಟೆಗೆ ಒಂದು ದಬರಿ ಯಾವ ಲೆಕ್ಕ?

"ದಬರಿ ನಮ್ಮದಲ್ಲ," ಎಂದಳು ಒತಿಲಿಯಾ. "ಅಮ್ಮಂದು."

ಸೌಟು ತಾನಾಗಿ ಕೆಳಗಿಳಿಯಿತು.

ನಾವಿರುವುದು ನನ್ನ ಅತ್ತೆ ದೋನ್ಯಾ ಬ್ರಿಹಿದಾ ಅವರ ಮನೆಯ ಮಹಡಿಯಲ್ಲಿ. ದಬರಿ ಇರುವುದು ಕೆಳಗೆ, ಅವರ ಅಡುಗೆಮನೆಯ ಗೋಡೆಯಲ್ಲಿ, ದೇವಮಾತೆಯ ಪಟದ ಪಕ್ಕದ ಮೊಳೆಯ ಮೇಲೆ. ಪ್ರತಿವರ್ಷ ಅವರ ಹುಟ್ಟುಹಬ್ಬಕ್ಕೆ ಅದರಲ್ಲಿ ಸಾಂಕೋಚೊ ಕುದಿಯುತ್ತದೆ. ಅಂಚಿನವರೆಗೆ ತುಂಬಿದರೆ ಸರಿಯಾಗಿ ಮೂವತ್ತೆರಡು ತಟ್ಟೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನೆಂಟರೂ ಸರಿಯಾಗಿ ಮೂವತ್ತೆರಡು. ದಬರಿಯ ತಳದಲ್ಲಿ ಒಂದು ತಗ್ಗು ಇದೆ. ಆ ತಗ್ಗಿಗೂ ನನ್ನ ಸ್ವರ್ಗಸ್ಥ ಮಾವನವರ ನೆತ್ತಿಗೂ ಅಳತೆ ಹೊಂದುತ್ತಿತ್ತು ಎಂದು ನೆರೆಹೊರೆಯವರು ಹೇಳುತ್ತಾರೆ.

"ಅತ್ತೆಮ್ಮ ಯಾತ್ರೆಗೆ ಹೋಗಿದಾರೆ. ಬರೋದು ಬುಧವಾರ. ಅಷ್ಟರಲ್ಲಿ ದಬರಿ ಮೊಳೆ ಮೇಲಿರತ್ತೆ!"

"ಮುಂದಿನ ಭಾನುವಾರ ಹುಟ್ಟುಹಬ್ಬ. ಏನಾದ್ರೂ ಆದ್ರೆ?"

"ಏನಾಗತ್ತೆ? ಅಲ್ಯೂಮಿನಿಯಂ ಅದು, ಗಾಜಲ್ಲ!"

"ದಬರಿಗೆ ಏನಾಗತ್ತೆ ಅಂತ ನಾನು ಕೇಳ್ತಿಲ್ಲ. ತಮಗೆ ಏನಾಗತ್ತೆ ಅಂತ ಕೇಳ್ತಿದೀನಿ."

ನಮ್ಮ ಬೆಟ್ಟದೂರುಗಳಲ್ಲಿ ಗಂಡ ಹೆಂಡತಿ ಕೂಡ ಒಬ್ಬರನ್ನೊಬ್ಬರು 'ತಾವು' ಎಂದೇ ಕರೆಯುವುದು. ಪ್ರೀತಿ ಬಂದರೂ ತಾವು, ಸಿಟ್ಟು ಬಂದರೂ ತಾವು. ಸಿಟ್ಟು ಏರಿದಷ್ಟೂ ಮರ್ಯಾದೆ ಏರುತ್ತದೆ. ಹೆಂಗಸರು 'ದಯಮಾಡಿಸಬೇಕು' ಎನ್ನುವ ಮಟ್ಟ ಮುಟ್ಟಿದರೆಂದರೆ ತಿಳಿವಳಿಕೆ ಇರುವ ಗಂಡಸು ಮೊದಲು ಬಾಗಿಲು ಎಲ್ಲಿದೆ ಅಂತ ನೋಡಿಕೊಳ್ಳುತ್ತಾನೆ. ಒತಿಲಿಯಾ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ನಾನು ದಬರಿ ಇಳಿಸಿಯೇಬಿಟ್ಟೆ.

ಅದರೊಳಗೆ ಹತ್ತು ಕಿಲೋ ತುನ್ಹಾ ಆಲೂಗಡ್ಡೆ ತುಂಬಿದೆ. ಕರಾವಳಿಯವರ ಆಲೂಗಡ್ಡೆಯನ್ನು ನಂಬುವ ಗಂಡಸು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಬಸ್ಸಿನ ಕಂಡಕ್ಟರ್ ದಬರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇದಕ್ಕೂ ಸೀಟು ಬೇಕಾ, ಅಥವಾ ತೊಡೆ ಮೇಲೆ ಕೂರುತ್ತಾ?" ಎಂದ. ಸೀಟಾದರೆ ಟಿಕೆಟ್ ಅಂತೆ! ತೊಡೆಯ ಮೇಲೆಯೇ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಒತಿಲಿಯಾ ಕಿಟಕಿಯಿಂದ ಕಣಿವೆ, ದೊಡ್ಡ ನದಿ, ಬಾಳೆತೋಟ ಎಲ್ಲ ನೋಡಿದಳು. ನಾನು ನೋಡಿದ್ದು ಅಲ್ಯೂಮಿನಿಯಂ. ಇಳಿಯುವಾಗ ಕಾಲು ಎರಡೂ ಮರಗಟ್ಟಿ, ಸಾಂತಾ ಮಾರ್ತಾದ ನೆಲಕ್ಕೆ ನಾನು ಮೊದಲು ಇಟ್ಟದ್ದು ಮೊಣಕಾಲು.

"ಆಹಾ, ಎಂಥ ಭಕ್ತಿ!" ಎಂದಳು ಒತಿಲಿಯಾ, ದಬರಿಯ ಮುಚ್ಚಳದಿಂದ ಗಾಳಿ ಹಾಕಿಕೊಳ್ಳುತ್ತ. ನನ್ನ ಮೈಮೇಲೆ ಇನ್ನೂ ನಮ್ಮೂರ ಉಣ್ಣೆ ಕಂಬಳಿಯಂಗಿ ಇತ್ತು. ಒಳಗೆ ನಾನೇ ಬೇಯುತ್ತಿದ್ದೆ.

ನಾವು ಇಳಿದುಕೊಂಡ ವಸತಿಗೃಹದ ಯಜಮಾನ ದೋನ್ ಉಬಾಲ್ದೊ. ಬನಿಯನ್ನಿನಲ್ಲೇ ಊರಾಳುವ ಮನುಷ್ಯ. 'ಕೋಣೆಯಲ್ಲಿ ಅಡುಗೆ ಮಾಡಬಾರದು' ಎಂದು ದೊಡ್ಡದಾಗಿ ಬೋರ್ಡು ಬರೆಸಿದ್ದ. ಆದರೆ ಸಾಂಕೋಚೊಗೆ ನೀರು ಕಾಯಿಸುವುದು ಅಡುಗೆಯಲ್ಲ, ಅಡುಗೆಗೆ ಮುಂಚಿನದು. ಇಪ್ಪತ್ತೆರಡು ವರ್ಷ ನೋಟರಿ ಕಚೇರಿಯಲ್ಲಿದ್ದವನಿಗೆ ಅಷ್ಟು ಕಾನೂನು ಗೊತ್ತಿರುವುದಿಲ್ಲವೆ? ಮನೆಯಿಂದ ತಂದಿದ್ದ ಕರೆಂಟು ಒಲೆಯನ್ನು ಗೋಡೆಗೆ ಚುಚ್ಚಿದೆ. ಢಂ! ಎಂದಿತು. ಇಡೀ ವಸತಿಗೃಹದ ಫ್ಯಾನುಗಳು ಒಮ್ಮೆಗೇ ನಿಂತವು. ನಡುಮಧ್ಯಾಹ್ನ! ಹನ್ನೊಂದು ಕೋಣೆಗಳ ಬಾಗಿಲು ತೆರೆದು, ಹನ್ನೊಂದು ಕುಟುಂಬಗಳು ಬೆವರು ಒರೆಸಿಕೊಳ್ಳುತ್ತ ಹೊರಬಂದು, ದಬರಿ ಅಪ್ಪಿಕೊಂಡು ನಿಂತ ನನ್ನನ್ನು ನೋಡಿದವು.

"ಏನ್ ರಾಜಾ ಇದು?" ಎಂದ ಉಬಾಲ್ದೊ. ಕರಾವಳಿಯವರು ಯಾರನ್ನೂ ಬೈಯುವುದಿಲ್ಲ, ಎಲ್ಲರನ್ನೂ ರಾಜಾ ಅನ್ನುತ್ತಾರೆ. "ಇಷ್ಟು ದೊಡ್ಡ ದಬರಿ ಇಟ್ಕೊಂಡು ಕೋಣೇಲಿ ಯಾಕೋ ಒದ್ದಾಡ್ತೀಯಾ? ದಬರಿ ಅಂದ್ರೆ ಹೊಳೆ! ನಾಳೆ ಮಿಂಕಾಗೆ ಹೋಗು. ಎಲ್ಲಾರೂ ಅಲ್ಲಿಗೇ ಬರ್ತಾರೆ."

ಮರುದಿನ ಜೀಪಿನ ನೆತ್ತಿಯ ಮೇಲೆ ದಬರಿ ಕಟ್ಟಿಸಿ ಬೆಟ್ಟ ಹತ್ತಿದೆವು. ಮೇಲೆ ಹೋದಂತೆ ಗಾಳಿ ತಣ್ಣಗಾಯಿತು, ಕಾಫಿ ಗಿಡ ಕಂಡವು, ನನ್ನ ಕಂಬಳಿಯಂಗಿಗೆ ಮರ್ಯಾದೆ ಬಂತು.

"ತಣ್ಣಗಿರೋ ಬೆಟ್ಟದಿಂದ ಹೊರಟು, ಒಂದು ಹಗಲು ಒಂದು ರಾತ್ರಿ ಬಸ್ಸಲ್ಲಿ ಕೂತು, ಮತ್ತೆ ತಣ್ಣಗಿರೋ ಬೆಟ್ಟಕ್ಕೇ ಬಂದ್ವಿ," ಎಂದಳು ಒತಿಲಿಯಾ. "ತಮ್ಮ ಯೋಜನೆ ದೊಡ್ಡದು."

ಆದರೆ ಹೊಳೆ ಕಂಡದ್ದೇ ಅವಳೂ ನಕ್ಕಳು. ನೀರು ಬಂಡೆಗಳ ನಡುವೆ ಧುಮುಕುತ್ತಿದೆ, ದಂಡೆಯುದ್ದಕ್ಕೂ ಒಲೆಗಳು, ಹೊಗೆ, ಹಾಡು, ಅಳುವ ಕೂಸು, ಬೈಸಿಕೊಳ್ಳುವ ನಾಯಿ. ಮತ್ತೆ ದಬರಿಗಳು! ಎಣಿಸಿದರೆ ಹದಿನಾಲ್ಕು. ಎಲ್ಲವೂ ಅಲ್ಯೂಮಿನಿಯಂ, ಎಲ್ಲವೂ ಎರಡು ಕಿವಿ, ಎಲ್ಲವೂ ತಳ ಕಪ್ಪು. ನಾನು ಎದೆ ಉಬ್ಬಿಸಿ ನಮ್ಮದನ್ನು ಇಳಿಸಿದೆ.

ಪಕ್ಕದ ಒಲೆಯಾಕೆ ಯಾದಿರಾ. ಸಿಯೆನಾಗಾ ಊರಿನವಳಂತೆ, ಜೊತೆಗೆ ಒಂದು ಲಾರಿ ತುಂಬುವಷ್ಟು ನೆಂಟರು. ನಾನು ಆಲೂಗಡ್ಡೆ ಸುರಿಯುವುದನ್ನು ನೋಡಿ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡಳು.

"ಅಯ್ಯೋ ರಾಜಾ, ಬರೀ ಆಲೂಗಡ್ಡೇನಾ? ಯಾರಿಗಾದ್ರೂ ಹುಷಾರಿಲ್ವಾ? ಮರಗೆಣಸು ಎಲ್ಲಿ? ಬಾಳೆಕಾಯಿ ಎಲ್ಲಿ?" ಎನ್ನುತ್ತಲೇ ತನ್ನ ಬುಟ್ಟಿಯಿಂದ ಎರಡನ್ನೂ ನಮ್ಮ ದಬರಿಗೆ ಎಸೆದಳು. ನಾನೂ ಬಿಡಲಿಲ್ಲ, ಆರು ತುನ್ಹಾ ಆಲೂಗಡ್ಡೆಯನ್ನು ಅವಳ ದಬರಿಗೆ ಹಾಕಿದೆ. "ಬಾಯಲ್ಲಿಟ್ಟರೆ ಕರಗತ್ತೆ, ನೋಡ್ತಿರಿ!" ಎಂದೆ.

"ಅವರು ತಮ್ಮನ್ನ ರಾಜಾ ಅಂದಿದ್ದು ನಾಲ್ಕನೇ ಸಲ," ಎಂದಳು ಒತಿಲಿಯಾ.

"ಇಲ್ಲಿ ಎಲ್ಲರನ್ನೂ ಹಾಗೇ ಕರೀತಾರೆ."

"ಹೌದು. ಆದ್ರೆ ಎಲ್ಲರೂ ಅಷ್ಟು ಹಲ್ಲು ಬಿಡಲ್ಲ."

ಆ ಸಾಂಕೋಚೊ! ಅಂಥದ್ದನ್ನು ನಾನು ಹುಟ್ಟಿದಾರಭ್ಯ ತಿಂದಿಲ್ಲ. ಇಬ್ಬರಿಗಾಗಿ ಮೂವತ್ತೆರಡು ತಟ್ಟೆಯ ದಬರಿ ಕುದಿಸಿದ್ದರಿಂದ ದಂಡೆಯ ಜನಕ್ಕೆಲ್ಲ ಹಂಚಿದೆವು. ಅವರು ಮೀನು ಕೊಟ್ಟರು, ತೆಂಗಿನಕಾಯಿ ಅನ್ನ ಕೊಟ್ಟರು. ಒತಿಲಿಯಾ ಮುಚ್ಚಳದ ಮೇಲೆ ಕೂತು, ಕಾಲು ನೀರಿಗೆ ಬಿಟ್ಟು, ಕೈ ನೆಕ್ಕಿಕೊಳ್ಳುತ್ತ ಯಾದಿರಾಳ ಜೊತೆ ನಗುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಅಷ್ಟು ಜೋರಾಗಿ ನಕ್ಕದ್ದು ನಾನು ಕೇಳಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಹದಿನಾಲ್ಕು ದಬರಿಗಳ ನಡುವೆ ಕೂತು ನಮ್ಮದನ್ನು ಮರಳು ಹಾಕಿ ಉಜ್ಜುತ್ತ ಹಾಡೇ ಹೇಳಿಬಿಟ್ಟೆ.

ಬಹುಶಃ ಅದಕ್ಕೇ ಮಳೆ ಬಂತು. ಬೆಟ್ಟದ ಮಳೆ, ಹನಿಯಲ್ಲ, ಬಕೆಟ್ಟು! ದಂಡೆಯಲ್ಲಿದ್ದವರೆಲ್ಲ ಕಿರುಚಿಕೊಂಡು ಎದ್ದರು. ಕೊಡೆ ಯಾರಲ್ಲೂ ಇಲ್ಲ. ಎಲ್ಲರೂ ಕೈಗೆ ಸಿಕ್ಕ ದಬರಿ ಎತ್ತಿ ತಲೆಗೆ ಕವುಚಿಕೊಂಡು ಜೀಪುಗಳ ಕಡೆಗೆ ಓಡಿದರು. ನಾನೂ ಕವುಚಿಕೊಂಡೆ. ಒತಿಲಿಯಾ ಮುಚ್ಚಳ ಹಿಡಿದು ಹಿಂದೆ ಓಡಿಬಂದಳು. ಒಳಗಿನಿಂದ ನನಗೆ ಏನೂ ಕಾಣುತ್ತಿರಲಿಲ್ಲ, ಮಳೆಯ ತಮಟೆ ಮಾತ್ರ ಕೇಳುತ್ತಿತ್ತು. ಎರಡು ಸಲ ಮರಕ್ಕೆ, ಒಮ್ಮೆ ಒಬ್ಬ ಪಾದ್ರಿಗೆ ಡಿಕ್ಕಿ ಹೊಡೆದು ಜೀಪು ಸೇರಿದೆ.

ಸಂಜೆ ಕೋಣೆಯಲ್ಲಿ ಒತಿಲಿಯಾ ದಬರಿಯ ಮೇಲೆ ಮುಚ್ಚಳ ಇಟ್ಟಳು. ಮುಚ್ಚಳ ಸುತ್ತಲೂ ಒಂದು ಬೆರಳಿನಷ್ಟು ಆಚೆ ಚಾಚಿಕೊಂಡಿತು. ತೆಗೆದಳು, ಮತ್ತೆ ಇಟ್ಟಳು.

"ಸೆಖೆಗೆ ಮುಚ್ಚಳ ಹಿಗ್ಗಿರತ್ತೆ," ಎಂದೆ. "ವಿಜ್ಞಾನ ಅದು."

ಅವಳು ದಬರಿಯನ್ನು ಬೋರಲು ಹಾಕಿ ತಳ ಸವರಿದಳು. "ಅಪ್ಪನ ತಗ್ಗು ಎಲ್ಲಿ?"

ತಗ್ಗು ಇರಲಿಲ್ಲ. ಮಳೆಯಲ್ಲಿ ನಾನು ಕವುಚಿಕೊಂಡು ಓಡಿಬಂದದ್ದು ಬೇರೆ ಯಾರದೋ ದಬರಿ!

ನಮ್ಮದು ಪಕ್ಕದ ಒಲೆಯವರ ತಲೆ ಮೇಲೇ ಹೋಗಿರಬೇಕೆಂದು ಮಾರನೇ ದಿನ ಸಿಯೆನಾಗಾಕ್ಕೆ ಹೋದೆವು. ಯಾದಿರಾಳ ಮನೆತನದ ಹೆಸರು ಗೊತ್ತಿಲ್ಲ, ಬೀದಿ ಗೊತ್ತಿಲ್ಲ. "ಜೋರಾಗಿ ನಗ್ತಾರೆ, ತುಂಬಾ ನೆಂಟರಿದ್ದಾರೆ, ದಬರಿ ಇದೆ," ಎಂದು ಕೇಳಿದೆ.

"ರಾಜಾ, ನೀನು ಹೇಳಿದ್ದು ಇಡೀ ಊರಾಯ್ತು," ಎಂದರು ಮೊದಲ ಮನೆಯವರು. ಆದರೆ ಬಿಸಿಲಲ್ಲಿ ಬಂದವರನ್ನು ಹಾಗೇ ಕಳಿಸುವುದುಂಟೆ? ಕೂರಿಸಿ ಊಟ ಹಾಕಿದರು. ಎರಡನೆಯ ಮನೆಯಲ್ಲೂ ಹಾಕಿದರು. ಒಂಬತ್ತು ಮನೆಯಲ್ಲಿ ಒಂಬತ್ತು ಊಟ! ಹೋಟೆಲಿಗೆ ಕಾಸು ಬಿಚ್ಚದ ನನ್ನ ಪ್ರತಿಜ್ಞೆ ಅಷ್ಟು ಸೊಗಸಾಗಿ ನೆರವೇರಿದ ದಿನ ಇನ್ನೊಂದಿಲ್ಲ. ದಬರಿ ಮಾತ್ರ ಸಿಗಲಿಲ್ಲ. ಒಂಬತ್ತನೆಯ ಮನೆಯ ಮೆಟ್ಟಿಲ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ಕೂತೆ.

"ಬೇರೆ ದಾರೀನೇ ಇಲ್ಲ," ಎಂದೆ. "ಇದಕ್ಕೇ ತಗ್ಗು ಮಾಡೋಣ."

ವಸತಿಗೃಹದ ಅಂಗಳದಲ್ಲಿ ಕಲ್ಲು ಹುಡುಕತೊಡಗಿದೆ. ಒತಿಲಿಯಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. "ಕಲ್ಲು ಯಾಕೆ ಹುಡುಕ್ತೀರಿ? ತಮ್ಮ ತಲೆ ಇದೆಯಲ್ಲ. ಹಿಂದಿನ ಸಲಾನೂ ಅಳತೆ ಹಾಗೇ ಸಿಕ್ಕಿದ್ದು."

ಕಲ್ಲಿನಿಂದಲೇ ಹೊಡೆದೆ. ಉಬಾಲ್ದೊ ಓಡಿಬಂದ. "ಬಾಡಿಗೆ ಜಾಸ್ತಿ ಆಯ್ತು ಅಂದ್ರೆ ಬಾಯ್ಬಿಟ್ಟು ಹೇಳು ರಾಜಾ, ಪಾತ್ರೆಗೆ ಯಾಕೆ ಬಡೀತೀಯಾ!" ಎಂದ. ಅಷ್ಟರಲ್ಲಿ ತಳದಲ್ಲಿ ಚೆಂದದ ತಗ್ಗು ಮೂಡಿತ್ತು. ಮಾವನವರು ಬದುಕಿದ್ದರೆ ಅವರೇ ಮೋಸಹೋಗಿ ನೆತ್ತಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಮಂಗಳವಾರ ಮನೆ ಸೇರಿ ದಬರಿಯನ್ನು ಮೊಳೆಗೆ ನೇತುಹಾಕಿ, ಮುಚ್ಚಳವನ್ನು ಅದರ ಹಿಂದೆ ಬಚ್ಚಿಟ್ಟೆ. ಬುಧವಾರ ಅತ್ತೆ ಬಂದರು. ದೇವಮಾತೆಗೆ ಕೈಮುಗಿದು, ಕಣ್ಣು ಪಕ್ಕಕ್ಕೆ ಹೊರಳಿಸಿದರು.

"ಪಳಪಳ ಅಂತಿದೆ," ಎಂದರು.

"ತಾವು ಬರ್ತೀರಿ ಅಂತ ನಾನೇ ತೊಳೆದೆ ಅತ್ತೆಮ್ಮಾ."

"ಅಳಿಯಂದಿರು ತಾವೇ ತೊಳೆದಿರಾ!" ಎಂದರು ಅತ್ತೆ. "ದೊಡ್ಡ ಮನಸ್ಸು."

ಅಂದಿನಿಂದ ನನಗೆ ರಾಜೋಪಚಾರ. "ಅಳಿಯಂದಿರು ದಯಮಾಡಿಸಬೇಕು." "ಅಳಿಯಂದಿರು ಬಿಸಿ ಚಾಕೊಲೇಟ್ ಸ್ವೀಕರಿಸಬೇಕು." "ಅಳಿಯಂದಿರಿಗೆ ದಿಂಬು ಕೊಡಮ್ಮ, ಬೆನ್ನು ನೋವಾದೀತು, ಭಾರ ಹೊತ್ತ ಬೆನ್ನು." ಮದುವೆಯಾದ ಹದಿನೇಳು ವರ್ಷದಲ್ಲಿ ಸಿಗದ ಮರ್ಯಾದೆ ನಾಲ್ಕೇ ದಿನದಲ್ಲಿ ಸಿಕ್ಕಿತು!

"ನೋಡಿದೆಯಾ," ಎಂದು ಮಹಡಿಯಲ್ಲಿ ಬೀಗಿದೆ. ಖುಷಿಯಲ್ಲಿ 'ತಾವು' ಕೂಡ ಮರೆತಿದ್ದೆ. "ಯಾತ್ರೆಗೆ ಹೋಗಿ ಬಂದು ಎಷ್ಟು ಮೆತ್ತಗಾಗಿದ್ದಾರೆ!"

ಒತಿಲಿಯಾ ನನ್ನನ್ನು ಕನಿಕರದಿಂದ ನೋಡಿದಳು. "ತಾವು ಈ ವಾರ ಎಲ್ಲಾದ್ರೂ ಆಫೀಸು ಕೆಲಸದ ಮೇಲೆ ಹೋಗ್ಬಿಡಿ," ಎಂದಳು.

ಭಾನುವಾರ ನೆಂಟರು ನೆರೆದರು. ಅಂಗಳದಲ್ಲಿ ಉದ್ದ ಮೇಜು. ಸಾಂಕೋಚೊ ಅಂಚಿನವರೆಗೆ ಕುದಿಯಿತು. ಅತ್ತೆ ತಾವೇ ಸೌಟು ಹಿಡಿದರು. ದೊಡ್ಡ ಭಾವನಿಂದ ಶುರುವಾಗಿ ಒಬ್ಬೊಬ್ಬರಿಗೂ ತುಂಬಿದ ತಟ್ಟೆ ದಾಟಿತು. ನನ್ನದು ಮಾತ್ರ ಬರಲಿಲ್ಲ. ಅಳಿಯನಿಗೆ ಕೊನೆಯಲ್ಲಿ ವಿಶೇಷವಾಗಿ ಬಡಿಸುತ್ತಾರೆಂದು ನಾನು ಕೈ ಒರೆಸುವ ಬಟ್ಟೆ ಕೊರಳಿಗೆ ಸಿಕ್ಕಿಸಿಕೊಂಡು ನಗುತ್ತ ಕೂತೆ. ಮೂವತ್ತು. ಮೂವತ್ತೊಂದು. ಸೌಟು ತಳಕ್ಕೆ ತಾಗಿ ಕರ್ರ್ ಎಂದಿತು.

ಅತ್ತೆ ದಬರಿಯನ್ನು ನನ್ನ ಕಡೆಗೆ ವಾಲಿಸಿ ತೋರಿಸಿದರು. ಒಳಗೆ ನಾನು ಕಲ್ಲಿನಿಂದ ಮಾಡಿದ ತಗ್ಗು ಉಬ್ಬಿ ನಿಂತು ನನ್ನನ್ನೇ ನೋಡುತ್ತಿತ್ತು.

"ನಲವತ್ತು ವರ್ಷ ನನ್ನ ದಬರೀಲಿ ಮೂವತ್ತೆರಡು ತಟ್ಟೆ ಆಗ್ತಿತ್ತು," ಎಂದರು ಅತ್ತೆ, ಜೇನಿನಂಥ ದನಿಯಲ್ಲಿ. "ಇದರಲ್ಲಿ ಮೂವತ್ತೊಂದೇ ಆಯ್ತು. ಕಡಿಮೆ ಬಿದ್ದಿರೋ ಆ ಒಂದು ತಟ್ಟೆ ಯಾರದು ಅಂತ ಅಳಿಯಂದಿರು ತಾವೇ ಅಪ್ಪಣೆ ಕೊಡಿಸಬೇಕು."

ನಾನು ಕೊರಳಿನ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿದೆ.

"ಬೇಜಾರು ಮಾಡ್ಕೋಬೇಡಿ. ತಾವು ಹೊತ್ತುಕೊಂಡು ಹೋಗಿದ್ದರಲ್ಲಿ ಮುಚ್ಚಳ ಒಂದು ವಾಪಸ್ ಬಂದಿದೆ," ಎನ್ನುತ್ತ ಅತ್ತೆ ಆ ಮುಚ್ಚಳವನ್ನು ನನ್ನ ಮುಂದೆ ಅಂಗಾತ ಇಟ್ಟರು. ಅದರ ನಡುವೆ ಒಂದು ಬೇಯಿಸಿದ ಆಲೂಗಡ್ಡೆ. "ನಮ್ಮ ತುನ್ಹಾದ್ದೇ. ಬಾಯಲ್ಲಿಟ್ಟರೆ ಕರಗತ್ತೆ. ನನ್ನ ದಬರಿ ಬರೋ ತನಕ ವರ್ಷಾ ವರ್ಷಾ ತಮಗೆ ಇದೇ ಸೇವೆ."

ಮೂವತ್ತೊಂದು ಮಂದಿ ಸೊರಸೊರ ಹೀರುವ ಸದ್ದಿನ ನಡುವೆ ನಾನು ಆಲೂಗಡ್ಡೆ ತಿಂದೆ. ಒತಿಲಿಯಾ ಮೇಜಿನ ಕೆಳಗಿನಿಂದ ಒಂದು ಕೋಳಿ ಕಾಲು ದಾಟಿಸಲು ನೋಡಿದಳು, ಪಾಪ. ಅತ್ತೆ ಕೆಮ್ಮಿದರು. ಕಾಲು ಹಿಂದಕ್ಕೆ ಹೋಯಿತು.

ಆದ್ದರಿಂದ ಮಹನೀಯರೇ, ಮಹಿಳೆಯರೇ, ನಿಮ್ಮಲ್ಲಿ ಯಾರಾದರೂ ಸಿಯೆನಾಗಾ ಕಡೆ ಹೋದರೆ, ಜೋರಾಗಿ ನಗುವ ಹೆಂಗಸೊಬ್ಬಳು "ಬಾ ರಾಜಾ, ಕೂತ್ಕೋ" ಎಂದು ಸಾಂಕೋಚೊ ಬಡಿಸಿದರೆ, ತಿನ್ನುವ ಮೊದಲು ದಯವಿಟ್ಟು ದಬರಿಯ ತಳ ಸವರಿ ನೋಡಿ. ನೆತ್ತಿಯ ಅಳತೆಯ ತಗ್ಗು ಕೈಗೆ ಸಿಕ್ಕಿತೋ, ನಿಮ್ಮ ಮುಂದಿರುವುದು ನನ್ನ ತಟ್ಟೆ!